ಕೊಡಗಿನ ಗುಡ್ಡಕ್ಕೆ ಒಂದು ಸಣ್ಣ ಲೆಕ್ಕ ಬೇಕು

ಮಾನ್ಯ ಸಂಪಾದಕರೇ,

ಕಳೆದ ವಾರ ಇದೇ ಅಂಕಣದಲ್ಲಿ ಓದುಗರೊಬ್ಬರು ಬರೆದಿದ್ದರು. ಕೊಡಗಿನ ಮಳೆ, ಹೊಳೆ, ಗುಡ್ಡ, ಕಾಡು ಎಲ್ಲ ಒಂದಕ್ಕೊಂದು ಹೆಣೆದುಕೊಂಡಿವೆ, ಇದನ್ನು ಲೆಕ್ಕಕ್ಕೆ ಹಿಡಿಯೋದು ಸೂಪರ್ ಕಂಪ್ಯೂಟರ್‌ಗೂ ಕಷ್ಟ, ಹಾಗಾಗಿ ಗುಡ್ಡ ಯಾವಾಗ ಜರಿಯುತ್ತದೆ ಅಂತ ಮೊದಲೇ ಕೇಳುವುದರಲ್ಲಿ ಅರ್ಥವಿಲ್ಲ ಅಂತ. ಅವರ ಮಾತಿನ ಮೊದಲ ಅರ್ಧ ನಿಜ. ಎರಡನೇ ಅರ್ಧವನ್ನು ನಾನು ಒಪ್ಪಲ್ಲ. ಗೋಜಲಾದ ವಿಷಯಕ್ಕೆ ಗೋಜಲಾದ ಲೆಕ್ಕವೇ ಆಗಬೇಕು ಅಂತೇನಿಲ್ಲ. ನೂರಾರು ಸಂಗತಿ ಒಟ್ಟಿಗೆ ಬದಲಾಗುತ್ತಿದ್ದರೂ ಅದರ ಒಟ್ಟು ನಡತೆಯನ್ನು ಎರಡು ಮೂರು ಸಂಖ್ಯೆಗಳಲ್ಲಿ ಹಿಡಿಯಬಹುದು ಅನ್ನೋದನ್ನು ಗಣಿತದವರು ಮತ್ತೆ ಮತ್ತೆ ತೋರಿಸಿದ್ದಾರೆ. ಇವಕ್ಕೆ ಕಡಿಮೆ ಆಯಾಮದ ಮಾದರಿಗಳು ಅಂತ ಹೆಸರು. ನಾನು ಗಣಿತ ಓದಿ, ಸ್ವಲ್ಪ ಕಾಲ ಪಾಠ ಮಾಡಿ, ಈಗ ನಾಪೋಕ್ಲು ಹತ್ತಿರ ಕಾಫಿ ತೋಟ ನೋಡಿಕೊಂಡಿರುವವನು. ಎರಡೂ ಕಡೆಯ ವಿಷಯ ಅಷ್ಟಿಷ್ಟು ಗೊತ್ತಿರುವುದರಿಂದ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆಗಬಹುದು.

ಕೊಡಗಿನಲ್ಲಿ ತೋಟ ಇರುವ ಎಷ್ಟೋ ಮನೆಗಳಲ್ಲಿ ಮಳೆ ಪುಸ್ತಕ ಇದೆ. ನಮ್ಮಲ್ಲಿರುವುದು ಉದ್ದನೆಯ ಖಾತೆ ಪುಸ್ತಕ, ರಟ್ಟು ತೇವಕ್ಕೆ ಉಬ್ಬಿಕೊಂಡಿದೆ. ಅಡ್ಡಕ್ಕೆ ತಿಂಗಳು, ಕೆಳಕ್ಕೆ ತಾರೀಕು. ಬೆಳಿಗ್ಗೆ ಮಳೆಮಾಪಕದ ಬಾಟಲಿ ತೆಗೆದು, ಗಾಜಿನ ಅಳತೆ ಜಾಡಿಗೆ ಸುರಿದು, ಇಂಚು ಮತ್ತು ಸೆಂಟ್ಸ್ ಲೆಕ್ಕದಲ್ಲಿ ಬರೆಯುತ್ತಾರೆ. 2 ಇಂಚು 40 ಸೆಂಟ್ಸ್ ಅಂದರೆ 2.40 ಇಂಚು. ಫೆಬ್ರುವರಿ, ಮಾರ್ಚ್ ಸಾಲಿನಲ್ಲಿ ಅಲ್ಲಲ್ಲಿ ಕೆಂಪು ಶಾಯಿಯ ಗುರುತು, ಪಕ್ಕದಲ್ಲಿ ‘ಹೂಮಳೆ’ ಅಂತ, ಅಂದರೆ ಕಾಫಿ ಹೂ ಅರಳಿಸುವ ಮಳೆ. ಜುಲೈ, ಆಗಸ್ಟ್ ಕಡೆ ಬಂದರೆ ಬಿಡುವೇ ಇಲ್ಲ, ಸಾಲು ಪೂರ್ತಿ ಅಂಕಿ. ಈ ಕಕ್ಕಡ ತಿಂಗಳ ಮಳೆ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ ಅಲ್ವಾ. ಇಂಥ ಪುಸ್ತಕಗಳು ಕೆಲವು ತೋಟಗಳಲ್ಲಿ ಅಜ್ಜನ ಕಾಲದಿಂದ ಇವೆ. ನಾನು ಹೇಳುವ ಲೆಕ್ಕಕ್ಕೆ ಬೇಕಾದ ಮುಖ್ಯ ಸಾಮಗ್ರಿ ಇಷ್ಟೇ.

ಲೆಕ್ಕ ಹೀಗಿದೆ. ಗುಡ್ಡವನ್ನು ಅಡಿಯಲ್ಲಿ ಸಣ್ಣ ತೂತಿರುವ ಒಂದು ಡ್ರಮ್ ಅಂತ ಇಟ್ಟುಕೊಳ್ಳಿ. ದಿನವೂ ಮಳೆ ಒಳಗೆ ಬೀಳುತ್ತದೆ, ಇರುವ ನೀರಿನಲ್ಲಿ ಒಂದು ಪಾಲು ಸೋರಿ ಹೋಗುತ್ತದೆ. ದಿನಕ್ಕೆ ಹತ್ತನೇ ಒಂದು ಭಾಗ ಸೋರುತ್ತದೆ ಅಂದುಕೊಂಡರೆ, ಇಂದಿನ ತೇವ ಎಂದರೆ ನಿನ್ನೆಯ ತೇವದ 0.9 ಪಾಲು, ಅದಕ್ಕೆ ಇಂದಿನ ಮಳೆ ಕೂಡಿಸಿದ್ದು. ಅಷ್ಟೇ. ಜಲವಿಜ್ಞಾನದವರು ಇದನ್ನು ಹಿಂದಿನ ಮಳೆಯ ಸೂಚ್ಯಂಕ ಅಂತ ಬಹಳ ಹಿಂದಿನಿಂದ ಬಳಸುತ್ತಿದ್ದಾರೆ. ಆ 0.9 ಅನ್ನೋದು ಎಲ್ಲ ಊರಿಗೂ ಒಂದೇ ಅಲ್ಲ. ಮಣ್ಣು ಬೇರೆ ಆದರೆ ಅದೂ ಬೇರೆ, ಅಳೆದು ಕಂಡುಕೊಳ್ಳಬೇಕು. ಆದರೆ ಈ ಒಂದು ಸಾಲಿನ ಲೆಕ್ಕ ಏನು ಹೇಳುತ್ತದೆ ನೋಡಿ. ದಿನಾ 2 ಇಂಚು ಮಳೆ ಹಿಡಿದುಕೊಂಡರೆ ತೇವದ ಸಂಖ್ಯೆ ಏರುತ್ತಾ ಏರುತ್ತಾ 20ರ ಹತ್ತಿರ ಬಂದು ನಿಲ್ಲುತ್ತದೆ, ಯಾಕೆಂದರೆ 20ರ ಹತ್ತನೇ ಒಂದು ಭಾಗ 2, ಬಂದಷ್ಟೇ ಹೋಗುತ್ತದೆ. ಮಳೆ ಪೂರ್ತಿ ನಿಂತರೆ ಒಂದು ವಾರದಲ್ಲಿ ಅದು ಅರ್ಧಕ್ಕಿಂತ ಸ್ವಲ್ಪ ಕೆಳಗೆ ಇಳಿಯುತ್ತದೆ. ಜೂನ್ ಶುರುವಿನಲ್ಲಿ ಸಂಖ್ಯೆ 1 ಇದ್ದಾಗ ಒಂದೇ ದಿನ 5 ಇಂಚು ಸುರಿದರೆ ಅದು 6ರ ಆಸುಪಾಸು. ಅದೇ 5 ಇಂಚು ಆಗಸ್ಟ್‌ನಲ್ಲಿ, ಆಗಲೇ 20 ಇರುವಾಗ ಸುರಿದರೆ 23. ಪತ್ರಿಕೆಯಲ್ಲಿ ಎರಡೂ ದಿನ ‘5 ಇಂಚು ಮಳೆ’ ಅಂತಲೇ ಬರುತ್ತದೆ. ಗುಡ್ಡಕ್ಕೆ ಮಾತ್ರ ಆ ಎರಡು ದಿನ ಒಂದೇ ಅಲ್ಲ.

2018ರ ಆಗಸ್ಟ್ ಮಧ್ಯದಲ್ಲಿ ಮಕ್ಕಂದೂರು, ಜೋಡುಪಾಲ, ಹೆಬ್ಬೆಟ್ಟಗೇರಿ, ಕಾಲೂರು ಕಡೆ ಗುಡ್ಡ ಜರಿದು ಆದ ಅನಾಹುತವನ್ನು ಯಾರೂ ಮರೆತಿಲ್ಲ. ಆ ಕೆಲವೇ ದಿನಗಳ ಮಳೆ ಭಯಂಕರವಾಗಿತ್ತು, ಸರಿ. ಆದರೆ ಅದಕ್ಕೆ ಮೊದಲು ಜೂನ್, ಜುಲೈ ಪೂರ್ತಿ ಸುರಿದ ಮಳೆಯಿಂದ ಮಣ್ಣು ನೀರು ಕುಡಿದು ಕೂತಿತ್ತು. ಅಂದಿನ ಮಳೆಯ ಅಂಕಿ ಒಂದನ್ನೇ ನೋಡಿದರೆ ಅರ್ಧ ಕಥೆ ಕಾಣಲ್ಲ. ತೇವದ ಲೆಕ್ಕ ಇಟ್ಟರೆ ಆ ಅರ್ಧವೂ ಅಂಕಿಯಾಗಿ ಕಣ್ಣಿಗೆ ಬೀಳುತ್ತದೆ.

ಇಲ್ಲಿ ಯಾರಾದರೂ ಕೇಳಬಹುದು, ಇಷ್ಟು ದೊಡ್ಡ ಗುಡ್ಡ, ಅದರ ಮೇಲೆ ಸಿಲ್ವರ್ ಓಕ್, ಕಾಫಿ, ಕೆಳಗೆ ಗದ್ದೆ, ನಡುವೆ ಕೊಲ್ಲಿ (ಗುಡ್ಡದ ಸಣ್ಣ ತೊರೆ), ಮಣ್ಣೊಳಗೆ ಬೇರು, ಏಡಿ ಬಿಲ, ಬಂಡೆ ಸೀಳು, ಇವೆಲ್ಲ ಬಿಟ್ಟು ಒಂದೇ ಸಂಖ್ಯೆ ಹೇಗೆ ಸಾಕು ಅಂತ. ಪ್ರಶ್ನೆ ನ್ಯಾಯವಾದದ್ದೇ. ಈ ವಿಷಯದ ಜೀವಾಳವೂ ಇದೇ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗೋಜಲಾದ ವ್ಯವಸ್ಥೆಯೊಳಗೆ ಕೆಲವು ಸಂಗತಿಗಳು ಬೇಗ ಬೇಗ ಬದಲಾಗುತ್ತವೆ, ಕೆಲವು ನಿಧಾನ. ಎಲೆ ಮೇಲಿನ ನೀರು ನಿಮಿಷಗಳಲ್ಲಿ ತೊಟ್ಟಿಕ್ಕುತ್ತದೆ. ತರಗೆಲೆ ಕೆಳಗಿನ ನೀರು ಗಂಟೆಗಳಲ್ಲಿ ಹರಿದು ಹೋಗುತ್ತದೆ. ಗುಡ್ಡದ ಒಟ್ಟು ನೀರು ಬದಲಾಗುವುದಕ್ಕೆ ದಿನಗಳು, ವಾರಗಳು ಬೇಕು. ಬೇಗ ಬದಲಾಗುವವು ನಿಧಾನದ್ದಕ್ಕೆ ಕೂಡಲೇ ಹೊಂದಿಕೊಂಡು ಬಿಡುತ್ತವೆ. ಒಟ್ಟು ತೇವ ಇಷ್ಟು ಅಂತ ಗೊತ್ತಾದರೆ, ಕೊಲ್ಲಿಯಲ್ಲಿ ಒರತೆ ಎಲ್ಲಿ ಏಳುತ್ತದೆ, ಗದ್ದೆ ಬದಿಯಲ್ಲಿ ನೀರು ಎಷ್ಟು ಜಿನುಗುತ್ತದೆ ಅನ್ನೋದು ಹೆಚ್ಚುಕಡಿಮೆ ಅದರ ಹಿಂದೆಯೇ ಬರುತ್ತದೆ. ಹಾಗಾಗಿ ಬೇಗದ್ದನ್ನೆಲ್ಲ ಒಂದೊಂದಾಗಿ ಬರೆದಿಡುವ ಅಗತ್ಯ ಬೀಳಲ್ಲ. ನಿಧಾನವಾಗಿ ಬದಲಾಗುವ ಆ ಒಂದೆರಡು ಸಂಖ್ಯೆ ಯಾವುವು ಅಂತ ಸರಿಯಾಗಿ ಹುಡುಕಬೇಕು, ಅಷ್ಟೇ. ಹುಡುಕುವುದು ಸುಲಭ ಅಂತ ಹೇಳುತ್ತಿಲ್ಲ. ಸಿಕ್ಕಮೇಲೆ ಲೆಕ್ಕ ಸುಲಭ.

ಇದಕ್ಕೆ ದೊಡ್ಡ ಉದಾಹರಣೆ ಹವಾಮಾನದಲ್ಲೇ ಇದೆ. ಕೆಳಗಿಂದ ಕಾಸಿದ ಗಾಳಿ ಮೇಲೇರಿ, ತಣಿದು, ಕೆಳಗಿಳಿದು ಸುತ್ತುವ ಚಲನೆಯನ್ನು ಬ್ಯಾರಿ ಸಾಲ್ಟ್ಜ್‌ಮನ್ 1962ರಲ್ಲಿ ಏಳು ಸಂಖ್ಯೆಗಳಿಗೆ ಇಳಿಸಿ ಲೆಕ್ಕ ಹಾಕಿದರು. ಕೆಲವು ಸಂದರ್ಭಗಳಲ್ಲಿ ಆ ಏಳರಲ್ಲಿ ನಾಲ್ಕು ತಾವಾಗಿಯೇ ಸೊನ್ನೆಗೆ ಇಳಿದು, ಮೂರು ಮಾತ್ರ ಉಳಿದು ಆಡುತ್ತಿದ್ದವು. ಎಡ್ವರ್ಡ್ ಲೊರೆನ್ಜ್ ಆ ಮೂರನ್ನೇ ಎತ್ತಿಕೊಂಡು 1963ರಲ್ಲಿ ಮೂರು ಸಮೀಕರಣ ಬರೆದರು. ಒಂದು ಸಂಖ್ಯೆ ಗಾಳಿ ಸುತ್ತುವ ವೇಗಕ್ಕೆ, ಇನ್ನೊಂದು ಏರುವ ಇಳಿಯುವ ಗಾಳಿಯ ಉಷ್ಣತೆಯ ವ್ಯತ್ಯಾಸಕ್ಕೆ, ಮೂರನೆಯದು ಮೇಲಿನಿಂದ ಕೆಳಗಿನವರೆಗಿನ ಉಷ್ಣತೆ ಎಷ್ಟು ಸೊಟ್ಟಗಾಗಿದೆ ಅನ್ನೋದಕ್ಕೆ. ಕಂಪ್ಯೂಟರ್ ಲೆಕ್ಕ ಮಾಡಿಕೊಟ್ಟವರು ಎಲೆನ್ ಫೆಟ್ಟರ್. ಪ್ರಬಂಧದ ಕೊನೆಯಲ್ಲಿ ಲೊರೆನ್ಜ್ ಅವರಿಗೆ ಕೃತಜ್ಞತೆ ಹೇಳಿದ್ದಾರೆ, ಆದರೂ ಆ ಹೆಸರು ಬಹಳ ಜನರಿಗೆ ಗೊತ್ತಿಲ್ಲ, ಅದಕ್ಕೇ ಇಲ್ಲಿ ಬರೆದೆ.

ಆ ಮೂರು ಸಮೀಕರಣ ಇನ್ನೊಂದನ್ನೂ ತೋರಿಸಿತು. ಸಂಖ್ಯೆ ಮೂರೇ ಇದ್ದರೂ, ಎಲ್ಲ ನಿಯಮ ಗೊತ್ತಿದ್ದರೂ, ಶುರುವಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಆದರೆ ಸ್ವಲ್ಪ ಹೊತ್ತಿನ ನಂತರ ಉತ್ತರ ಎಲ್ಲೋ ಹೋಗಿರುತ್ತದೆ. ಸಣ್ಣ ಮಾದರಿ ಮಾಡಿದೆವು, ಇನ್ನು ಮುಂದಿನ ವರ್ಷದ ಮಳೆ ಹೇಳುತ್ತೇವೆ ಅಂತ ಯಾರಾದರೂ ಬಂದರೆ ನಂಬಬೇಡಿ. ಆದರೆ ಗುಡ್ಡದ ತೇವದ ಲೆಕ್ಕ ಆ ಜಾತಿಯದಲ್ಲ. ಡ್ರಮ್‌ನಲ್ಲಿ ಹಳೆಯ ತಪ್ಪು ದಿನವೂ ಹತ್ತನೇ ಒಂದು ಭಾಗ ಸೋರಿ ಹೋಗುತ್ತದೆ. ಜೂನ್ 1ಕ್ಕೆ ನೀವು ತೇವ 3 ಅಂತ ತಪ್ಪಾಗಿ ಶುರು ಮಾಡಿ, ನಿಜವಾಗಿ ಅದು 1 ಆಗಿದ್ದರೂ, ಜುಲೈ ಹೊತ್ತಿಗೆ ಎರಡೂ ಲೆಕ್ಕ ಒಂದೇ ಕಡೆ ಬಂದಿರುತ್ತವೆ. ಸಣ್ಣ ಮಾದರಿಗಳಲ್ಲೂ ತಪ್ಪನ್ನು ಬೆಳೆಸುವವು ಇವೆ, ಕರಗಿಸುವವು ಇವೆ. ನಮಗೆ ಬೇಕಾದದ್ದು ಅದೃಷ್ಟಕ್ಕೆ ಎರಡನೇ ಜಾತಿಗೆ ಸೇರಿದ್ದು.

ಈಗ ಗುಡ್ಡ ಜರಿಯುವ ವಿಷಯ. ನೆಲ್ ಕೇನ್ ಎಂಬ ವಿಜ್ಞಾನಿ 1980ರಲ್ಲಿ ಪ್ರಪಂಚದ ಬೇರೆ ಬೇರೆ ಕಡೆಯ ಭೂಕುಸಿತಗಳನ್ನು ಒಟ್ಟು ಹಾಕಿ, ಮಳೆಯ ಬಿರುಸು ಮತ್ತು ಅದು ಎಷ್ಟು ಹೊತ್ತು ಸುರಿಯಿತು ಎಂಬ ಎರಡೇ ಸಂಖ್ಯೆಗಳ ಮೇಲೆ ಒಂದು ಗೆರೆ ಎಳೆದರು. ಗೆರೆಯ ಮೇಲೆ ಹೋದರೆ ಅಪಾಯ. ಆ ಸೂತ್ರದಲ್ಲಿ 24 ಗಂಟೆ ಹಾಕಿ ನೋಡಿದರೆ ಸುಮಾರು 103 ಮಿಲಿಮೀಟರ್ ಬರುತ್ತದೆ, ಅಂದರೆ ನಮ್ಮ ಲೆಕ್ಕದಲ್ಲಿ 4 ಇಂಚು. ಸಂಪಾದಕರೇ, ಭಾಗಮಂಡಲದಲ್ಲಿ ದಿನಕ್ಕೆ 4 ಇಂಚು ಅನ್ನೋದು ಕಕ್ಕಡದಲ್ಲಿ ಸುದ್ದಿಯೇ ಅಲ್ಲ. ಅಲ್ಲಿ ಆ ಗೆರೆ ಹಿಡಿದು ಎಚ್ಚರಿಕೆ ಕೊಡುತ್ತಾ ಕೂತರೆ ಮಳೆಗಾಲದಲ್ಲಿ ಮತ್ತೆ ಮತ್ತೆ ಕೊಡಬೇಕಾಗುತ್ತದೆ, ನಾಲ್ಕನೇ ಸಲಕ್ಕೆ ಜನ ಕೇಳೋದು ಬಿಡುತ್ತಾರೆ. ಅದೇ 4 ಇಂಚು ಕುಶಾಲನಗರದ ಕಡೆ ಬಿದ್ದರೆ ಗಾಬರಿಯಾಗುವ ವಿಷಯ. ಭಾಗಮಂಡಲದಲ್ಲಿ ವರ್ಷಕ್ಕೆ ಬೀಳುವ ಮಳೆಯ ಕಾಲು ಭಾಗವೂ ಕುಶಾಲನಗರದಲ್ಲಿ ಬೀಳಲ್ಲ, ಎರಡೂ ಒಂದೇ ಸಣ್ಣ ಜಿಲ್ಲೆಯಲ್ಲಿವೆ. ಹಾಗಾಗಿ ಬೇರೆ ಕಡೆಯ ಗೆರೆ ತಂದು ಇಲ್ಲಿ ಹಾಕಿದರೆ ಆಗಲ್ಲ. ನಮ್ಮ ಗೆರೆಯನ್ನು ನಾವೇ, ನಮ್ಮ ಮಳೆ ಪುಸ್ತಕಗಳಿಂದ, ಹೋಬಳಿ ಹೋಬಳಿಗೆ ಎಳೆಯಬೇಕು. ಒಂದು ಕಡೆ ಇಂದಿನ ಮಳೆ, ಇನ್ನೊಂದು ಕಡೆ ಗುಡ್ಡದ ತೇವ. 2018, 2019, 2020ರಲ್ಲಿ ಎಲ್ಲೆಲ್ಲಿ ಯಾವ ದಿನ ಮಣ್ಣು ಜರಿಯಿತು ಅನ್ನೋದು ಎಲ್ಲರಿಗೂ ಗೊತ್ತಿದೆ. ಆ ದಿನಗಳನ್ನು ಹಾಳೆ ಮೇಲೆ ಚುಕ್ಕೆ ಹಾಕಿ, ಜರಿಯದ ದಿನಗಳನ್ನೂ ಹಾಕಿ ನೋಡೋಣ.

ಹೊಳೆಗೆ ಒಂದು ಡ್ರಮ್ ಸಾಲದು, ಎರಡು ಬೇಕು. ಮೇಲಿನದು ಬೇಗ ತುಂಬಿ ಬೇಗ ಖಾಲಿ ಆಗುವುದು, ಕೆಳಗಿನದು ನಿಧಾನದ್ದು. ಜಪಾನಿನಲ್ಲಿ ಸುಗವಾರ ಎಂಬವರು ಇಂಥ ಒಂದರ ಕೆಳಗೊಂದು ಇಟ್ಟ ತೊಟ್ಟಿಗಳ ಮಾದರಿಯನ್ನು ನದಿಗಳಿಗೆ ಬಳಸಿ ಹೆಸರುವಾಸಿಯಾದರು, ನ್ಯಾಶ್ 1957ರಲ್ಲಿ ಒಂದರ ನಂತರ ಒಂದರಂತೆ ತೊಟ್ಟಿ ಜೋಡಿಸಿ ಪ್ರವಾಹದ ಏರಿಳಿತ ಲೆಕ್ಕ ಹಾಕುವ ದಾರಿ ತೋರಿಸಿದರು. ಇದು ನಮಗೆ ಹೇಗೆ ಉಪಯೋಗ ಅಂದರೆ, ಕರಡಿಗೋಡು, ಗುಹ್ಯ ಕಡೆಯವರಿಗೆ ತಮ್ಮ ಊರಲ್ಲಿ ಮಳೆ ಬಿಟ್ಟ ಮೇಲೂ ಕಾವೇರಿ ಏರುವುದು ಗೊತ್ತು. ನೀರು ಬರುವುದು ಭಾಗಮಂಡಲ, ನಾಪೋಕ್ಲು ಕಡೆಯಿಂದ. ಮೇಲಿನ ಮಳೆ ಎಷ್ಟು, ಮಣ್ಣು ಈಗಾಗಲೇ ಎಷ್ಟು ತುಂಬಿದೆ ಅಂತ ತಿಳಿದರೆ ಕೆಳಗೆ ಎಷ್ಟು ಗಂಟೆಗೆ ಎಷ್ಟು ಏರುತ್ತದೆ ಅಂತ ಅಂದಾಜು ಕೊಡಬಹುದು. ಒಣಗಿದ ಮಣ್ಣಾದರೆ ಅದೇ ಮಳೆಗೆ ಹೊಳೆ ಅಷ್ಟು ಏರಲ್ಲ. ಮನೆ ಸಾಮಾನು ಅಟ್ಟಕ್ಕೆ ಹಾಕಿ, ದನಕರು ಹೊಡೆದುಕೊಂಡು, ಮಕ್ಕಳನ್ನು ಕರೆದುಕೊಂಡು ಹೊರಡುವುದಕ್ಕೆ ಅಲ್ಲಿಯವರಿಗೆ ರಾತ್ರಿಗಿಂತ ಹಗಲು ಬೇಕು. ಆ ಒಂದು ಹಗಲಿಗಾಗಿ ಇಷ್ಟೆಲ್ಲ ಬರೆಯುತ್ತಿದ್ದೇನೆ.

ಮಾದರಿ ಚೆನ್ನಾಗಿ ಹೊಂದಿತು ಅಂದ ಕೂಡಲೇ ಅದು ಸರಿ ಅಂತ ತಿಳಿಯಬಾರದು, ಇದನ್ನೂ ಹೇಳಲೇಬೇಕು. 1927ರಲ್ಲಿ ಕರ್ಮ್ಯಾಕ್ ಮತ್ತು ಮೆಕೆಂಡ್ರಿಕ್ ರೋಗ ಹರಡುವುದಕ್ಕೆ ಒಂದು ಪುಟ್ಟ ಮಾದರಿ ಮಾಡಿದರು: ರೋಗ ತಗಲಬಹುದಾದವರು, ತಗಲಿದವರು, ಗುಣವಾದವರು ಅಥವಾ ಸತ್ತವರು, ಮೂರೇ ಗುಂಪು. ಕೊರೋನಾ ಕಾಲದಲ್ಲಿ ನಾವೆಲ್ಲ ನೋಡಿದ ಏರಿ ಇಳಿಯುವ ಗೆರೆಗಳ ಮೂಲ ಅದೇ. ಅವರು ಉದಾಹರಣೆಗೆ ತೆಗೆದುಕೊಂಡಿದ್ದು ನಮ್ಮ ಬೊಂಬಾಯಿಯ 1905–06ರ ಪ್ಲೇಗ್ ಸಾವಿನ ಅಂಕಿ. ಗೆರೆ ಅಂಕಿಗಳ ಮೇಲೆ ಬಹಳ ಚೆನ್ನಾಗಿ ಕೂತಿತು. ಆದರೆ ಪ್ಲೇಗ್ ಇಲಿ ಮತ್ತು ಚಿಗಟದಿಂದ ಹರಡುವ ರೋಗ, ಬೊಂಬಾಯಿಯಲ್ಲಿ ಅದು ಋತುವಿಗೆ ತಕ್ಕಂತೆ ವರ್ಷ ವರ್ಷವೂ ಏರಿ ಇಳಿಯುತ್ತಿತ್ತು. ಆ ಗೆರೆಯಲ್ಲಿ ಇಲಿಯೂ ಇರಲಿಲ್ಲ, ಋತುವೂ ಇರಲಿಲ್ಲ. ಮಾದರಿ ಒಳ್ಳೆಯದೇ, ಆ ಅಂಕಿಗೆ ಅದು ಹೊಂದಿದ್ದು ಮಾತ್ರ ಸರಿಯಾದ ಕಾರಣಕ್ಕಲ್ಲ. ಆದ್ದರಿಂದ ನಮ್ಮಲ್ಲೂ ಒಂದು ಕಟ್ಟುನಿಟ್ಟು ಇರಲಿ. 2018 ಮತ್ತು 2019ರ ಅಂಕಿಗಳನ್ನು ಬದಿಗಿಟ್ಟು, ಉಳಿದ ವರ್ಷಗಳಿಂದ ಮಾದರಿ ಮಾಡಬೇಕು, ಆಮೇಲೆ ಆ ಎರಡು ವರ್ಷದ ಮಳೆ ಕೊಟ್ಟು ಏನು ಹೇಳುತ್ತದೆ ನೋಡಬೇಕು. ಮೊದಲೇ ತೋರಿಸಿದ ವರ್ಷವನ್ನು ಸರಿಯಾಗಿ ಹೇಳಿದರೆ ಅದರಲ್ಲಿ ಹೆಚ್ಚೇನಿಲ್ಲ.

ಸಣ್ಣ ಮಾದರಿಗೆ ಆಗದ ಕೆಲಸವೂ ಇದೆ. ಅಪಾಯದ ದಿನ ಯಾವುದು ಅಂತ ಅದು ಹೇಳಬಹುದು, ಯಾವ ಮನೆ ಹಿಂದಿನ ಗುಡ್ಡ ಅಂತ ಹೇಳಲಾರದು. ಅದಕ್ಕೆ ಭೂವಿಜ್ಞಾನಿಗಳು ಬಂದು ಇಳಿಜಾರು, ಮಣ್ಣಿನ ಆಳ, ನೀರಿನ ದಾರಿ ನೋಡಬೇಕು. ಇನ್ನೊಂದು, ಜೆಸಿಬಿ ತಂದು ಬಾಣೆಯ (ಗದ್ದೆ ಮೇಲಿನ ಗುಡ್ಡದ ಜಾಗ) ಬುಡ ಕಡಿದು ಸೈಟ್ ಮಾಡಿದರೆ, ರಸ್ತೆಗೆ ನೇರಕ್ಕೆ ಕಡಿದು ಬಿಟ್ಟರೆ, ಕೊಲ್ಲಿಯ ಹರಿವಿಗೆ ಮಣ್ಣು ತುಂಬಿದರೆ, ಹಳೆ ಅಂಕಿಯಿಂದ ಎಳೆದ ಗೆರೆ ಆ ಜಾಗಕ್ಕೆ ಕೆಲಸಕ್ಕೆ ಬರಲ್ಲ. ತೇವ 25 ಆದರೂ ತಡೆದುಕೊಳ್ಳುತ್ತಿದ್ದ ಗುಡ್ಡ ಈಗ 15ಕ್ಕೇ ಕೈ ಬಿಡಬಹುದು. (ಈ ಎರಡು ಅಂಕಿ ಸುಮ್ನೆ ಉದಾಹರಣೆಗೆ.) ಕಡಿಯುವುದನ್ನು ನಿಲ್ಲಿಸದೆ ಎಚ್ಚರಿಕೆಯ ಲೆಕ್ಕ ಮಾತ್ರ ಇಟ್ಟುಕೊಂಡರೆ ಜನರಿಗೆ ಮೋಸ ಮಾಡಿದಂತೆ ಅಂತ ನನ್ನ ಖಚಿತ ಅಭಿಪ್ರಾಯ.

ದೊಡ್ಡ ಕಂಪ್ಯೂಟರ್ ಬೇಡ ಅಂತ ನಾನು ಹೇಳುತ್ತಿದ್ದೇನೆ ಅಂತ ಯಾರೂ ತಪ್ಪು ತಿಳಿಯಬಾರದು. 2025ರ ಮೇ ತಿಂಗಳಲ್ಲಿ ಶುರುವಾದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ 6 ಕಿಲೋಮೀಟರ್ ಚೌಕಗಳಲ್ಲಿ ಮುನ್ಸೂಚನೆ ಕೊಡುತ್ತದೆ, ಹಿಂದಿನದು 12 ಕಿಲೋಮೀಟರ್ ಇತ್ತು. ದೊಡ್ಡ ಸಾಧನೆ. ಆದರೂ 6 ಕಿಲೋಮೀಟರ್ ಚೌಕ ಅಂದರೆ 36 ಚದರ ಕಿಲೋಮೀಟರ್, ಅದರೊಳಗೆ ನಮ್ಮ ಕಡೆ ಎರಡು ಮೂರು ಬೆಟ್ಟ, ಅವುಗಳ ನಡುವಿನ ಗದ್ದೆ, ನಾಲ್ಕಾರು ಕೊಲ್ಲಿ ಎಲ್ಲ ಬಂದುಬಿಡುತ್ತವೆ. ಚೌಕಕ್ಕಿಂತ ಚಿಕ್ಕದಾದ ಮೋಡ, ಸುಳಿಗಾಳಿಗಳಿಗೆ ಆ ದೊಡ್ಡ ಮಾದರಿಯೂ ಒಳಗಡೆ ಸಣ್ಣ ಸೂತ್ರಗಳನ್ನೇ ಇಟ್ಟುಕೊಂಡಿರುತ್ತದೆ, ಬೇರೆ ದಾರಿ ಇಲ್ಲ. ಇನ್ನೊಂದು ಉದಾಹರಣೆ: ಉಷ್ಣವಲಯದ ಸುತ್ತ 30ರಿಂದ 60 ದಿನಕ್ಕೊಮ್ಮೆ ಪೂರ್ವಕ್ಕೆ ಸಾಗುವ ಮೋಡದ ಅಲೆ ಒಂದಿದೆ, ಹವಾಮಾನ ಸುದ್ದಿಯಲ್ಲಿ ಎಂಜೆಒ ಅಂತ ಕೇಳಿರುತ್ತೀರಿ. ಅದು ಎಲ್ಲಿದೆ, ಎಷ್ಟು ಬಲವಾಗಿದೆ ಅನ್ನೋದನ್ನು 2004ರಲ್ಲಿ ವೀಲರ್ ಮತ್ತು ಹೆಂಡನ್ ಎರಡೇ ಸಂಖ್ಯೆಗೆ ಇಳಿಸಿದರು. ಭೂಮಿಯ ನಡುಪಟ್ಟಿ ಪೂರ್ತಿಯ ಮೋಡ ಮತ್ತು ಗಾಳಿ, ಎರಡು ಸಂಖ್ಯೆ! ಪ್ರಪಂಚದ ಹವಾಮಾನ ಕಚೇರಿಗಳು ಇಂದಿಗೂ ಅದನ್ನು ದಿನವೂ ನೋಡುತ್ತವೆ. ಆ ಅಲೆ ಹಿಂದೂ ಮಹಾಸಾಗರದ ಮೇಲೆ ಬಲವಾಗಿದ್ದಾಗ ನಮ್ಮ ಮುಂಗಾರು ಚುರುಕಾಗುವ ಸಾಧ್ಯತೆ ಜಾಸ್ತಿ. ದೊಡ್ಡ ಮಾದರಿ ಮಳೆ ಹೇಳಲಿ, ಆ ಮಳೆ ನಮ್ಮ ಗುಡ್ಡಕ್ಕೆ, ಹೊಳೆಗೆ ಏನು ಮಾಡುತ್ತದೆ ಅಂತ ಸಣ್ಣದು ಹೇಳಲಿ. ಸಣ್ಣದರಲ್ಲಿ ಇನ್ನೊಂದು ಅನುಕೂಲ, ಅದು ಎಲ್ಲಿ ತಪ್ಪಿತು ಅಂತ ಯಾರು ಬೇಕಾದರೂ ನೋಡಬಹುದು. ಪಂಚಾಯಿತಿ ಸದಸ್ಯರೂ ಕ್ಯಾಲ್ಕುಲೇಟರ್ ಹಿಡಿದು ಪರೀಕ್ಷೆ ಮಾಡಬಹುದಾದ ಲೆಕ್ಕದ ಮೇಲೆ ಜನರಿಗೆ ನಂಬಿಕೆ ಬರುತ್ತದೆ.

ಹಾಗಾಗಿ ನಿಮ್ಮಲ್ಲಿ ಒಂದು ಕೋರಿಕೆ. ಮಳೆಗಾಲದಲ್ಲಿ ನೀವು ದಿನವೂ ಹಾರಂಗಿ ಜಲಾಶಯದ ಮಟ್ಟ ಮತ್ತು ಹೋಬಳಿವಾರು ಮಳೆ ಪ್ರಕಟಿಸುತ್ತೀರಿ. ಅದರ ಪಕ್ಕದಲ್ಲಿ ಇನ್ನೊಂದು ಕಲಂ ಹಾಕಿ, ‘ಗುಡ್ಡದ ತೇವ’ ಅಂತ. ಮೊದಲ ವರ್ಷ ಎಚ್ಚರಿಕೆ ಅಂತ ಬೇಡ, ಬರೀ ಸಂಖ್ಯೆ ಸಾಕು, ಜನ ನೋಡಿ ಅಭ್ಯಾಸ ಮಾಡಿಕೊಳ್ಳಲಿ. ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಇವೆ. ಕಾವೇರಿಯ ಹರಿವಿನ ಅಳತೆ ಕುಡಿಗೆಯಲ್ಲಿ ಕೇಂದ್ರ ಜಲ ಆಯೋಗದವರ ಹತ್ತಿರ ಇದೆ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ, ಪೊನ್ನಂಪೇಟೆಯ ಅರಣ್ಯ ಕಾಲೇಜು ಇಂಥ ಕಡೆ ತಿಳಿದವರು ಇದ್ದಾರೆ. ಎಲ್ಲರೂ ಒಂದು ಕಡೆ ಕೂತರೆ ಒಂದು ಮಳೆಗಾಲದೊಳಗೆ ಮೊದಲ ಮಾದರಿ ಕೈಗೆ ಸಿಗುತ್ತದೆ. ಲೆಕ್ಕ ಹಾಕುವ ಕೆಲಸಕ್ಕೆ ನಾನು ಸಿದ್ಧ, ಗಣಿತ ಓದುತ್ತಿರುವ ಡಿಗ್ರಿ ಮಕ್ಕಳೂ ಸಂತೋಷದಿಂದ ಬರುತ್ತಾರೆ.

ಓದುಗರಲ್ಲೂ ಒಂದು ಮಾತು. ಮನೆಯಲ್ಲಿ ಹಳೆಯ ಮಳೆ ಪುಸ್ತಕ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಗೆದ್ದಲು ಹಿಡಿಯುವ ಮೊದಲು ಮೊಬೈಲ್‌ನಲ್ಲಿ ಪುಟ ಪುಟವೂ ಫೋಟೋ ತೆಗೆದಿಡಿ. ಮೊದಲ ಫೋಟೋದ ಜೊತೆ ಊರು, ವರ್ಷ, ಇಂಚೋ ಮಿಲಿಮೀಟರೋ ಅಂತ ಬರೆಯಿರಿ. ಮಳೆಮಾಪಕದ ಜಾಗ ನಡುವೆ ಬದಲಾಯಿಸಿದ್ದರೆ, ಅಥವಾ ಪಕ್ಕದ ಮರ ಬೆಳೆದು ಅದರ ಮೇಲೆ ಬಾಗಿಕೊಂಡಿದ್ದರೆ, ಯಾವ ವರ್ಷದಿಂದ ಅಂತ ಅದನ್ನೂ ಬರೆದಿಡಿ. ಲೆಕ್ಕ ಮಾಡುವವರಿಗೆ ಅದು ಬಹಳ ಮುಖ್ಯ.

ಇಂತಿ,
ಒಬ್ಬ ಕಾಫಿ ಬೆಳೆಗಾರ,
ನಾಪೋಕ್ಲು, ಕೊಡಗು